ಗಿಣ್ಣಿಗಾಗಿ ಕಾದ ಒಂದು ವಾರ

ಆಗೆಲ್ಲ ಜೂನ್ ರಜೆ ಹತ್ತಿರ ಬಂತೆಂದರೆ ಸಿಂಗಪುರದ ಯಿಶುನ್‌ನ ನಮ್ಮ ಬ್ಲಾಕಿನಲ್ಲಿ ಮಕ್ಕಳಿಗಿಂತ ಅಪ್ಪಂದಿರಿಗೇ ದೊಡ್ಡ ಪರೀಕ್ಷೆ. ಶಾಲೆಗೆ ಇನ್ನೂ ರಜೆ ಬಿದ್ದಿರುವುದಿಲ್ಲ, ಅಷ್ಟರಲ್ಲೇ ಸಂಜೆ ಬ್ಲಾಕಿನ ಅಡಿಯ ತೆರೆದ ಜಾಗವಾದ ವಾಯ್ಡ್ ಡೆಕ್‌ನ ಕಲ್ಲುಬೆಂಚಿನ ಮೇಲೆ ಕುಳಿತ ಕನ್ನಡದ ಆಂಟಿಯರು ಒಬ್ಬರನ್ನೊಬ್ಬರು ಕೇಳಲು ತೊಡಗುತ್ತಿದ್ದರು, "ಈ ಸಲ ನೀವೆಲ್ಲಿಗೆ?" ಬಾಲಿ ಎಂದವರಿಗೆ ಅರ್ಧ ಮರ್ಯಾದೆ. ಆಸ್ಟ್ರೇಲಿಯಾ ಎಂದವರಿಗೆ ಪೂರ್ತಿ. ಯುರೋಪ್ ಎಂದರೆ ಮಾತ್ರ ಎಲ್ಲರೂ ಹತ್ತಿರ ಸರಿದು "ಯಾವ ಪ್ಯಾಕೇಜು?" ಎನ್ನುತ್ತಿದ್ದರು. ಇಲ್ಲಿ ಬೆಳೆದ ನನ್ನ ವಯಸ್ಸಿನವರಿಗೆ ಈ ಬೆಂಚಿನ ವಿಚಾರಣೆ ನೆನಪಿರಲೇಬೇಕು.

ನಮ್ಮ ಅಪ್ಪನಿಗೆ ಪ್ಯಾಕೇಜಿನ ದಾರಿ ಮೊದಲೇ ಮುಚ್ಚಿಹೋಗಿತ್ತು. ಕಾರಣ ಅಜ್ಜಿ, ಅಂದರೆ ಅಪ್ಪನ ಅಮ್ಮ. ನಮ್ಮ ಅಮ್ಮ ಇಲ್ಲಿ ಕೆಲಸಕ್ಕೆ ಸೇರಿದಾಗ ನನ್ನನ್ನೂ ತಮ್ಮ ಆದಿಯನ್ನೂ ನೋಡಿಕೊಳ್ಳಲು ಮೈಸೂರಿನಿಂದ ಬಂದವಳು ನಮ್ಮ ಜೊತೆಯಲ್ಲೇ ಉಳಿದಿದ್ದಳು. ಹೊರಗಿನ ಅಡುಗೆ ಮುಟ್ಟುತ್ತಿರಲಿಲ್ಲ. ಬಸ್ಸಿನಲ್ಲಿ ಒಂದು ಗಂಟೆ ಕೂತರೆ ಮಂಡಿ ಹಿಡಿಯುತ್ತಿತ್ತು. ಏಳು ದಿನದಲ್ಲಿ ಐದು ದೇಶ ತೋರಿಸುವ ಬಸ್ಸಿಗೆ ಅವಳನ್ನು ಹತ್ತಿಸುವ ಮಾತೇ ಇರಲಿಲ್ಲ. ಅದಕ್ಕೇ ಅಪ್ಪ ಹುಡುಕಿ ಹುಡುಕಿ ಫ್ರಾನ್ಸಿನ ನಡುಮಧ್ಯೆ, ಬೆಟ್ಟದ ಸೀಮೆಯ ಒಂದು ಹಳ್ಳಿಯಲ್ಲಿ, ದನ ಸಾಕುವವರ ಅಂಗಳದಲ್ಲಿರುವ ಪುಟ್ಟ ಮನೆಯೊಂದನ್ನು ಒಂದು ವಾರಕ್ಕೆ ಬುಕ್ ಮಾಡಿದ. ಶನಿವಾರದಿಂದ ಶನಿವಾರಕ್ಕೆ. ಅಡುಗೆಮನೆ ಇದೆ, ಅಜ್ಜಿ ಅಡುಗೆ ಮಾಡಿಕೊಳ್ಳಬಹುದು, ನಾವು ಕಾರಿನಲ್ಲಿ ಸುತ್ತಾಡಿ ಬರಬಹುದು ಎಂಬ ಲೆಕ್ಕ.

ಮೇಲಿನ ಮಹಡಿಯ ಸುಮಾ ಆಂಟಿಗೆ ಇದು ಅರಗಲೇ ಇಲ್ಲ. "ಫ್ರಾನ್ಸ್‌ಗೆ ಹೋಗಿ ಪ್ಯಾರಿಸ್ ನೋಡದೆ ಬರ್ತೀರಾ? ಹಳ್ಳಿ ನೋಡೋಕೆ ಅಷ್ಟು ದೂರ ಹೋಗ್ಬೇಕಾ? ನಂಜನಗೂಡಿನ ಹತ್ರ ಬೇಕಾದಷ್ಟಿದೆ."

ಅಮ್ಮ ನಕ್ಕಳು. ನನಗೆ ಮಾತ್ರ ಅವಮಾನವಾಯಿತು. ಹತ್ತು ವರ್ಷದವಳು ನಾನು. ಕ್ಲಾಸಿನಲ್ಲಿ ಐಫೆಲ್ ಟವರಿನ ಕೀಚೈನ್ ಹಂಚುವ ಕನಸು ಕಾಣುತ್ತಿದ್ದೆ. ದನದ ಕೊಟ್ಟಿಗೆಯ ಕೀಚೈನ್ ಯಾರು ಮಾಡುತ್ತಾರೆ?

ವಿಮಾನ ಇಳಿದು, ಬಾಡಿಗೆ ಕಾರಿನಲ್ಲಿ ಅಜ್ಜಿಯ ಮಂಡಿಗಾಗಿ ಮೂರು ಕಡೆ ನಿಲ್ಲಿಸಿಕೊಂಡು ನಾವು ಆ ಹಳ್ಳಿ ಮುಟ್ಟಿದಾಗ ಗಡಿಯಾರದಲ್ಲಿ ರಾತ್ರಿ ಎಂಟು. ಆಕಾಶದಲ್ಲಿ ಮಟಮಟ ಬಿಸಿಲು. ವರ್ಷವಿಡೀ ಏಳು ಗಂಟೆಗೆ ಸರಿಯಾಗಿ ಕತ್ತಲಾಗುವ ಊರಿನಿಂದ ಬಂದ ನಮಗೆ ಇದು ಮೋಸದ ಹಾಗೆ ಕಂಡಿತು. ಆದಿ ಹಾಸಿಗೆಯ ಮೇಲೆ ಕೂತು, "ಇನ್ನೂ ಡೇಟೈಮ್ ಲಾ, ಹೆಂಗೆ ಮಲಗೋದು?" ಎಂದು ತನ್ನ ಸಿಂಗಪುರದ ಇಂಗ್ಲಿಷ್ ಬೆರೆಸಿ ಗೋಳಾಡಿದ. ಅಜ್ಜಿಯ ತೊಂದರೆ ಬೇರೆ. ದೀಪ ಹಚ್ಚುವುದು ಯಾವಾಗ? ಸೂರ್ಯ ಮುಳುಗಲಿ ಎಂದು ಕಾದರೆ ಹತ್ತಾಗುತ್ತದೆ. ಕೊನೆಗೆ, "ಇಲ್ಲಿ ಸೂರ್ಯಂಗೆ ಬುದ್ಧಿ ಇಲ್ಲ ಅಂತ ನಾನೂ ಕೆಡೋಕಾಗುತ್ತಾ" ಎಂದು ಸಿಂಗಪುರದ ಅಭ್ಯಾಸದಂತೆ ಏಳಕ್ಕೇ ಹಚ್ಚುವುದೆಂದು ತೀರ್ಮಾನಿಸಿದಳು.

ಮನೆಯೊಡತಿಗೆ ಅರವತ್ತು ದಾಟಿತ್ತು. ಗಂಡಸರ ಬೂಟು, ನೀಲಿ ಅಂಗಿ, ಕೆಂಪು ಕೆನ್ನೆ. ನಾವೆಲ್ಲ ಅವರನ್ನು ಮದಾಂ ಎಂದೇ ಕರೆದೆವು. ಒಂದಿಷ್ಟು ಇಂಗ್ಲಿಷ್ ಬರುತ್ತಿತ್ತು. ಬಂದ ಕೂಡಲೇ ಅವರು ಅಪ್ಪನನ್ನು ಅಂಗಳದಲ್ಲಿ ನಿಲ್ಲಿಸಿ, ಕೈ ತೋರಿಸಿ ತೋರಿಸಿ ನೋಡಬೇಕಾದದ್ದನ್ನೆಲ್ಲ ಹೇಳಿದರು. ಅಗೋ ಆ ಕಡೆ ಆರಿಹೋದ ಜ್ವಾಲಾಮುಖಿ, ತುದಿಯವರೆಗೆ ಪುಟ್ಟ ರೈಲು. ಈ ಕಡೆ ಕೋಟೆ, ಅದರ ಕೆಳಗೆ ಹೊಳೆ, ದೋಣಿ ಹುಟ್ಟು ಹಾಕಬಹುದು. ಗುರುವಾರ ಸಂತೆ. ಗುಡ್ಡದ ಹೊಟ್ಟೆಯಲ್ಲಿ ಚೀಸ್ ಹಣ್ಣಾಗಿಸುವ ಗುಹೆ. ಹಿತ್ತಲಿನ ಚೆರ್ರಿ ಮರದಿಂದ ಎಷ್ಟು ಬೇಕಾದರೂ ಕಿತ್ತುಕೊಳ್ಳಿ. ಅಪ್ಪ ಆಫೀಸಿನಲ್ಲಿ ಪ್ರಾಜೆಕ್ಟ್ ಮ್ಯಾನೇಜರ್. ಕೇಳುತ್ತಿದ್ದಂತೆಯೇ ತಲೆಯೊಳಗೆ ದಿನಕ್ಕೊಂದು ಜಾಗವನ್ನು ಜೋಡಿಸಿಬಿಟ್ಟಿದ್ದ.

ಅಜ್ಜಿ ಇದ್ಯಾವುದನ್ನೂ ಕೇಳಿಸಿಕೊಂಡಿರಲಿಲ್ಲ. ಅವಳ ಕಣ್ಣು ಮನೆಯ ಪಕ್ಕದ ಬೇಲಿಯ ಮೇಲಿತ್ತು. ಬೇಲಿಯಾಚೆ ಒಂದು ಕೆಂಪು ಹಸು ಒಂಟಿಯಾಗಿ ನಿಂತಿತ್ತು. ಮೈತುಂಬ ಗುಂಗುರು ಕೂದಲು, ಉದ್ದನೆಯ ಕೊಂಬು, ಎರಡೂ ಕಡೆ ಉಬ್ಬಿದ ಹೊಟ್ಟೆ.

"ರಘೂ, ಇವಳು ತುಂಬಿದ ಗಬ್ಬ ಕಣೋ," ಎಂದಳು ಅಪ್ಪನಿಗೆ. "ಕೆಚ್ಚಲು ನೋಡು, ಹೆಂಗೆ ಬಿಗಿದಿದೆ. ನಾಳೆ ಸಂಜೆಯೊಳಗೆ ಕರು ಹಾಕ್ತಾಳೆ. ಮಕ್ಕಳಿಗೆ ಗಿಣ್ಣು ತಿನ್ನಿಸ್ಬಹುದು."

ಗಿಣ್ಣು ಎಂದರೇನೆಂದು ನನಗೂ ಆದಿಗೂ ಗೊತ್ತಿರಲಿಲ್ಲ. ಕರು ಹಾಕಿದ ಹಸುವಿನ ಮೊದಲ ಎರಡು ಮೂರು ದಿನದ ಹಾಲು ಗಟ್ಟಿಯಾಗಿ, ಹಳದಿಯಾಗಿರುತ್ತದೆ, ಅದಕ್ಕೆ ಬೆಲ್ಲ ಏಲಕ್ಕಿ ಹಾಕಿ ಹಬೆಯಲ್ಲಿಟ್ಟರೆ ತಾನಾಗಿಯೇ ಗಟ್ಟಿಯಾಗಿ ಕೂರುತ್ತದೆ, ಚಾಕುವಿನಲ್ಲಿ ಕೊಯ್ದು ತಿನ್ನಬಹುದು ಎಂದು ಅಜ್ಜಿ ವಿವರಿಸಿದಳು. ಆದಿಗೆ ಜೆಲ್ಲಿ ಎಂದು ಅರ್ಥವಾಯಿತು. ಆ ಕ್ಷಣದಿಂದ ಅವನು ಅಜ್ಜಿಯ ಪಕ್ಷ.

ಮರುದಿನ ಭಾನುವಾರ. ಹಳ್ಳಿಯಲ್ಲಿ ಒಂದು ಅಂಗಡಿಯೂ ತೆರೆದಿರಲಿಲ್ಲ. ಬೆಳಗಿನ ಜಾವಕ್ಕೂ ಪರೋಟ ಸಿಗುವ ಯಿಶುನ್‌ನವರಿಗೆ ಊರಿಗೆ ಊರೇ ಬಾಗಿಲು ಹಾಕಿಕೊಳ್ಳುವುದು ಹೊಸದು. ತಂದಿದ್ದ ಅಕ್ಕಿ ಬೇಳೆಯಲ್ಲೇ ಅಜ್ಜಿ ಅನ್ನ ಸಾರು ಮಾಡಿದಳು. ಮಾಡಿದವಳು, ಅಕ್ಕಿ ತೊಳೆದ ನೀರು, ಆಲೂಗಡ್ಡೆ ಸಿಪ್ಪೆ, ಮಿಕ್ಕ ಅನ್ನವನ್ನೆಲ್ಲ ಅಂಗಳದ ಒಂದು ಬಕೆಟ್ಟಿಗೆ ಸುರಿದು, ಕೈ ಹಾಕಿ ಕಲಸಿ, ನೇರವಾಗಿ ಬೇಲಿಯ ಬಳಿಗೆ ಹೊತ್ತುಕೊಂಡು ಹೋದಳು. ಮೈಸೂರಿನಲ್ಲಿ ಹಸು ಸಾಕಿದವಳ ಕೈಗೆ ಕಲಗಚ್ಚು ಚೆಲ್ಲುವುದು ಗೊತ್ತೇ ಇರಲಿಲ್ಲ. ಹಸುವೂ ಮೂತಿ ಚಾಚಿತು.

"ನೋ! ನೋ! ನೋ!" ಎಂದು ಕೂಗುತ್ತ ಮದಾಂ ಕೊಟ್ಟಿಗೆಯಿಂದ ಓಡಿಬಂದು ಬಕೆಟ್ ಕಿತ್ತುಕೊಂಡರು. ಅವರ ಮುಖವೆಲ್ಲ ಕೆಂಪಾಗಿತ್ತು. ಅಪ್ಪ ಸಾಬೂನು ಹಚ್ಚಿದ ಗಡ್ಡದಲ್ಲೇ ಹೊರಗೆ ಬಂದ. ಅಡುಗೆಮನೆಯದ್ದು ಏನನ್ನೂ ದನಕ್ಕೆ ಹಾಕುವಂತಿಲ್ಲ, ಕಾನೂನೇ ಇದೆ, ರೋಗ ಬಂದರೆ ಹಿಂಡನ್ನೇ ಕಳೆದುಕೊಳ್ಳಬೇಕಾದೀತು, ಇನ್ನು ತಾವಿಲ್ಲದಾಗ ಯಾರೂ ದನದ ಹತ್ತಿರ ಹೋಗಕೂಡದು ಎಂದು ಅವರು ಹೇಳಿದರು. ಅಪ್ಪ ಸಾರಿ ಸಾರಿ ಎನ್ನುತ್ತ ನಿಂತ.

ಅಜ್ಜಿ ಆ ಮಧ್ಯಾಹ್ನ ಊಟ ಮಾಡಲಿಲ್ಲ. "ನಾನೇನು ವಿಷ ಹಾಕಿದ್ನಾ? ಹಸುಗೆ ಕಲಗಚ್ಚು ಕೊಡಬಾರದು ಅಂದ್ರೆ ಇದ್ಯಾವ ಸೀಮೆ ಊರೋ!"

"ಅಮ್ಮಾ, ಅವರ ಹಸು, ಅವರ ರೂಲ್ಸು," ಎಂದ ಅಪ್ಪ.

"ರೂಲ್ಸು ಹೊಟ್ಟೆ ತುಂಬ್ಸುತ್ತಾ?"

ಸಂಜೆಯೊಳಗೆ ಕರು ಹಾಕುತ್ತಾಳೆ ಎಂದಿದ್ದ ಹಸು ಸಂಜೆಗೆ ಆರಾಮಾಗಿ ಮೆಲುಕು ಹಾಕುತ್ತಾ ಮಲಗಿತ್ತು.

ಸೋಮವಾರ ಅಪ್ಪ ಎಲ್ಲರನ್ನೂ ಜ್ವಾಲಾಮುಖಿಗೆ ಹೊರಡಿಸಿದ. ಅಜ್ಜಿಯನ್ನೂ ಬಿಡಲಿಲ್ಲ. ಸೀರೆಯ ಮೇಲೆ ಅಪ್ಪನ ಜಾಕೆಟ್ಟು, ಕಾಲಿಗೆ ಸಾಕ್ಸು ಚಪ್ಪಲಿ, ತಲೆಗೆ ಮಫ್ಲರು ಕಟ್ಟಿಕೊಂಡು ಪುಟ್ಟ ರೈಲಿನಲ್ಲಿ ಕೂತಳು. ತುದಿಯಲ್ಲಿ ಗಾಳಿ ಕಿವಿ ಕತ್ತರಿಸುತ್ತಿತ್ತು. ಸುತ್ತಲೂ ಬೋಗುಣಿ ಬೋರಲು ಹಾಕಿದಂಥ ಹಸಿರು ಗುಡ್ಡಗಳು. ಅಪ್ಪ ಒಂದೊಂದೇ ಗುಡ್ಡದ ಹೆಸರು ಹೇಳುತ್ತಿದ್ದರೆ ಅಜ್ಜಿ ಕೇಳಿದ್ದು ಒಂದೇ ಮಾತು, "ಇಲ್ಲಿಂದ ನಮ್ಮನೆ ಕಾಣುತ್ತೇನೋ? ಅವಳು ಈಗ ಕರು ಹಾಕ್ಬಿಟ್ಟಿರ್ತಾಳೆ."

ಹಾಕಿರಲಿಲ್ಲ. ಆದರೆ ಆ ರಾತ್ರಿ ಊಟದ ಹೊತ್ತಿಗೆ ಅಜ್ಜಿ ಖಡಾಖಂಡಿತವಾಗಿ ಹೇಳಿದಳು, ಇನ್ನು ತಾನು ಎಲ್ಲಿಗೂ ಬರುವುದಿಲ್ಲ.

"ಅಮ್ಮಾ, ಫ್ರಾನ್ಸ್‌ಗೆ ಬಂದು ಬೇಲಿ ಹತ್ರ ಕೂರ್ತೀಯಾ?" ಅಪ್ಪನಿಗೆ ಕೋಪ ನೆತ್ತಿಗೇರಿತ್ತು. "ನಿನ್ನೊಬ್ಳನ್ನೇ ಬಿಟ್ಟು ಹೋಗೋಕಾಗಲ್ಲ. ಭಾಷೆ ಬರಲ್ಲ, ಫೋನ್ ಬರಲ್ಲ. ದಿನಾ ಒಬ್ರು ನಿನ್ನ ಜೊತೆ ಕೂರ್ಬೇಕಾಗುತ್ತೆ."

ಅಮ್ಮ ತಟ್ಟೆಯಿಂದ ತಲೆ ಎತ್ತದೆ ಹೇಳಿದಳು, "ರೀ, ಬಿಡ್ರಿ. ಅತ್ತೆ ನಮ್ಮನೆಗೆ ಬಂದಾಗಿಂದ ಬಾಯಿಬಿಟ್ಟು ಕೇಳಿರೋದು ಇದೊಂದೇ. ನಾಳೆ ನಾನಿರ್ತೀನಿ. ಹುಲ್ಲು ಮೇಲೆ ಮಲಗಿ ನಿದ್ದೆ ಮಾಡೋಕೆ ನಂಗೂ ಒಂದು ನೆಪ ಬೇಕು."

ಹೀಗೆ ಪಾಳಿ ಶುರುವಾಯಿತು. ಮಂಗಳವಾರ ಅಮ್ಮನ ಪಾಳಿ. ನಾನು, ಆದಿ, ಅಪ್ಪ ಚೀಸಿನ ಗುಹೆ ನೋಡಿ, ಮೂಗು ಮುಚ್ಚಿಕೊಂಡು ಹೊರಬಂದು, ಸಂಜೆ ಮನೆಗೆ ಮರಳಿದರೆ ಆಶ್ಚರ್ಯ ಕಾದಿತ್ತು. ಅಜ್ಜಿ ಕೊಟ್ಟಿಗೆಯೊಳಗೆ ನಿಂತಿದ್ದಳು. ಮದಾಂ ಪಕ್ಕದಲ್ಲೇ.

ಅದಾದದ್ದು ಹೀಗೆ. ಆ ಜಾತಿಯ ಕೆಂಪು ಹಸುಗಳು ಕರು ಬಾಯಿ ಹಾಕದೆ ಹಾಲು ಇಳಿಸುವುದಿಲ್ಲವಂತೆ. ಮದಾಂ ಹಾಲು ಕರೆಯುವ ಮೆಷಿನ್ ಇಟ್ಟುಕೊಂಡಿದ್ದರೂ ಮೊದಲು ಕರುವನ್ನು ಬಿಟ್ಟು, ನಾಲ್ಕು ಗುಟುಕು ಕುಡಿಸಿ, ಆಮೇಲೆ ಅದನ್ನು ತಾಯಿಯ ಮುಂಗಾಲಿಗೆ ಕಟ್ಟಿ, ತಾಯಿ ಅದರ ಮೈ ನೆಕ್ಕುತ್ತಿರುವಾಗಲೇ ಹಾಲು ಕರೆಯಬೇಕು. ಬೇಲಿಯಾಚೆಯಿಂದ ಇದನ್ನು ನೋಡಿದ ಅಜ್ಜಿ, "ಅಯ್ಯೋ, ನಮ್ಮ ಹಂಗೇ ಕಣೇ ಇವಳೂ! ಕರು ಬಿಟ್ಟೇ ಕರೀತಾಳೆ!" ಎಂದು ಜೋರಾಗಿ ಕೂಗಿದಳಂತೆ. ಮದಾಂ ತಿರುಗಿ ನೋಡಿದಾಗ, ತಾನೂ ಹಾಗೇ ಮಾಡುತ್ತಿದ್ದೆ ಎಂದು ಎರಡು ಕೈಯಲ್ಲೂ ಹಾಲು ಕರೆಯುವಂತೆ ಮಾಡಿ ತೋರಿಸಿದಳಂತೆ. ಮದಾಂ ತಮ್ಮದೇ ಒಂದು ಜೊತೆ ರಬ್ಬರ್ ಬೂಟು ತಂದು ಅಜ್ಜಿಯ ಮುಂದಿಟ್ಟು, ಕರುವಿನ ಹಗ್ಗವನ್ನು ಅವಳ ಕೈಗೆ ಕೊಟ್ಟರಂತೆ. ಬಕೆಟ್ಟಿನ ಜಗಳ ಅಲ್ಲಿಗೆ ಮುಗಿಯಿತು.

ಆ ಸಂಜೆಯೇ ಅಜ್ಜಿ ಅಪ್ಪನನ್ನು ಮುಂದೆ ದೂಡಿ ಗಿಣ್ಣು ಹಾಲಿನ ವಿಷಯ ಕೇಳಿಸಿದಳು. ಮದಾಂಗೆ ಮೊದಲು ಅರ್ಥವಾಗಲಿಲ್ಲ. ಔಷಧಿಗೇ? ಮುಖಕ್ಕೆ ಹಚ್ಚಲೇ? ತಿನ್ನುವುದಕ್ಕೆ ಎಂದಾಗ ಹುಬ್ಬು ಗಂಟಿಕ್ಕಿದರು. ಅದು ಕರುವಿನದು, ನಾವು ಯಾರೂ ತಿನ್ನುವುದಿಲ್ಲ, ಆದರೂ ಕರು ಕುಡಿದು ಮಿಕ್ಕರೆ ನೋಡೋಣ ಎಂದರು. ಅಜ್ಜಿಗೆ ಅಷ್ಟೇ ಸಾಕಾಗಿತ್ತು. ಈಗ ಕಾಡುತ್ತಿದ್ದ ಚಿಂತೆ ಒಂದೇ. ಶನಿವಾರ ಹತ್ತು ಗಂಟೆಗೆ ನಾವು ಮನೆ ಬಿಡಬೇಕು. ಅಷ್ಟರೊಳಗೆ ಅವಳು ಕರು ಹಾಕಬೇಕು.

ಬುಧವಾರ ನನ್ನ ಪಾಳಿ. ಅದೇ ದಿನ ಕೋಟೆ, ಅದೇ ದಿನ ದೋಣಿ. ಮದಾಂ ಹೇಳಿದ ದಿನದಿಂದಲೂ ನಾನು ಕಾಯುತ್ತಿದ್ದದ್ದು ಆ ದೋಣಿಗಾಗಿ. ಅಪ್ಪ, ಅಮ್ಮ, ಆದಿ ಕಾರು ಹತ್ತಿ ಹೋದ ಮೇಲೆ ನಾನು ಮುಖ ಊದಿಸಿಕೊಂಡು ಚೆರ್ರಿ ಮರ ಹತ್ತಿ ಕೂತೆ. ಅಜ್ಜಿ ಕರೆದರೆ ಓ ಎನ್ನಲಿಲ್ಲ. ಕರೆಯುವುದನ್ನು ಬಿಟ್ಟು ಅವಳು ಒಳಗೆ ಹೋಗಿ ಚಿತ್ರಾನ್ನ ಕಲಸಿ ತಂದಳು. ಒಗ್ಗರಣೆಯ ವಾಸನೆಗೆ ನನ್ನ ಕೋಪ ಇಳಿಯಿತು, ನಾನೂ ಇಳಿದೆ.

ಬೇಲಿಯ ಪಕ್ಕದ ಗಿಡ್ಡ ಕಲ್ಲುಗೋಡೆಯ ಮೇಲೆ ಕೂತು ಚಿತ್ರಾನ್ನ ತಿಂದೆವು. ಆಗತಾನೆ ಕೊಯ್ದ ಹುಲ್ಲು ಬಿಸಿಲಿಗೆ ಒಣಗುವ ವಾಸನೆ, ಸಗಣಿಯ ವಾಸನೆ, ಎಲ್ಲಿಂದಲೋ ಬ್ರೆಡ್ ಬೇಯುವ ವಾಸನೆ. ಮಡಿಲಲ್ಲಿ ಕರಿಗೆಂಪು ಚೆರ್ರಿ. ಬೀಜವನ್ನು ಯಾರು ದೂರ ಉಗುಳುತ್ತಾರೆ ಎಂದು ಪಂದ್ಯ ಹೂಡಿದೆವು. ಅಜ್ಜಿಗೆ ಹಲ್ಲುಸೆಟ್ಟು ಬೀಳುವ ಭಯ, ನಾನು ಗೆದ್ದೆ.

"ಅಜ್ಜಿ, ಇವಳಿಗೆ ಏನಾದ್ರೂ ಹೆಸರಿಡೋಣ," ಎಂದೆ ಹಸುವನ್ನು ತೋರಿಸಿ.

"ಬೇಡ. ಹೆಸರಿಟ್ರೆ ಬಿಟ್ಟು ಹೋಗೋದು ಕಷ್ಟ ಕಣೇ ಪುಟ್ಟಿ."

ಆಗ ಗೌರಿಯ ವಿಷಯ ಹೇಳಿದಳು. ಮೈಸೂರಿನ ಮನೆಯ ಹಿತ್ತಲಿನಲ್ಲಿ ಅವಳಿಗೊಂದು ಹಸುವಿತ್ತೆಂದು ನನಗೆ ಗೊತ್ತಿತ್ತು. ಅದು ಗಬ್ಬವಾಗಿದ್ದಾಗಲೇ ಕೊಟ್ಟು ಬಂದದ್ದೆಂದು ಗೊತ್ತಿರಲಿಲ್ಲ. ಟಿಕೆಟ್ ಬಂದಿತ್ತು, ಅಮ್ಮನಿಗೆ ಕೆಲಸಕ್ಕೆ ಸೇರುವ ದಿನ ಗೊತ್ತಾಗಿತ್ತು, ಆದಿ ಇನ್ನೂ ಹಾಲು ಕುಡಿಯುವ ಮಗು. ಪಕ್ಕದ ಬೀದಿಯ ಹಾಲಿನವರಿಗೆ ಗೌರಿಯನ್ನು ಒಪ್ಪಿಸಿ ಅಜ್ಜಿ ವಿಮಾನ ಹತ್ತಿದ್ದಳು. ಆಮೇಲೆ ಫೋನ್ ಮಾಡಿ ಕೇಳಿದರೆ ಹಾಲಿನವರು ಅದನ್ನು ಬೇರೆ ಯಾರಿಗೋ ಮಾರಿ ಆಗಿತ್ತು.

"ಹಾಕ್ತೋ ಇಲ್ವೋ, ಹೆಣ್ಣೋ ಗಂಡೋ, ಒಂದೂ ತಿಳೀಲಿಲ್ಲ," ಎಂದಳು. "ಅದರ ಒಂದೊಂದು ಬಾಣಂತನಾನೂ ನಾನೇ ಮಾಡಿದ್ದೆ. ಆ ಒಂದ್ಸಲ ನಾನಿರ್ಲಿಲ್ಲ. ನಿಮ್ಮಪ್ಪಂಗೆ ಹೇಳ್ಬೇಡ, ಬೇಜಾರು ಮಾಡ್ಕೋತಾನೆ."

ನಾನು ಹೇಳಲಿಲ್ಲ. ದೋಣಿ ಹೋಯಿತಲ್ಲ ಎಂಬ ಸಂಕಟ ಆಗಲೂ ಇತ್ತು, ಸುಳ್ಳೇಕೆ ಹೇಳಲಿ. ಆದರೆ ಅಂದಿನಿಂದ ಆ ಹಸು ಬೇಗ ಕರು ಹಾಕಲಿ ದೇವರೇ ಎಂದು ನಾನೂ ಬೇಡಿಕೊಳ್ಳತೊಡಗಿದೆ.

ಗುರುವಾರ ಸಂತೆ. ಪಾಳಿ ಆದಿಯದು, ಆದರೆ ಅಷ್ಟು ಚಿಕ್ಕವನನ್ನು ಅಜ್ಜಿಯ ಜೊತೆ ಬಿಡುವಂತಿರಲಿಲ್ಲ, ಅಪ್ಪನೇ ಉಳಿದ. ಬೆಳಗ್ಗೆ ಅಮ್ಮ ನಮ್ಮಿಬ್ಬರನ್ನು ನಡೆಸಿಕೊಂಡು ಹೋದಳು. ಹಬೆಯಾಡುವ ದೊಡ್ಡ ಬ್ರೆಡ್ಡುಗಳು, ಜೇನು, ಪೆಟ್ಟಿಗೆಯಲ್ಲಿ ಕೂಗುವ ಕೋಳಿಗಳು, ಗುಡ್ಡೆ ಹಾಕಿದ ಬೆಳ್ಳುಳ್ಳಿ. ಮಾರುವವರು ಚೌಕಾಸಿಗೆ ಬಗ್ಗಲಿಲ್ಲ, ಆದರೆ ಆದಿಯ ಎರಡೂ ಕೈಗೆ ಸುಮ್ಮನೇ ಸ್ಟ್ರಾಬೆರಿ ತುಂಬಿಸಿದರು. ವಾಪಸ್ ಬಂದಾಗ ಕೋಟು ಹರಡಿಕೊಂಡು ಹುಲ್ಲಿನ ಮೇಲೆ ಕೂತ ಅಪ್ಪ, ಅಜ್ಜಿಯ ಜೊತೆ ನಗುತ್ತಿದ್ದ. ಅವನು ಹುಡುಗನಾಗಿದ್ದಾಗ ಗೌರಿಯ ತಾಯಿ ಕರು ಹಾಕಿದಾಗಲೆಲ್ಲ ಬೀದಿಯ ಮನೆಮನೆಗೂ ಗಿಣ್ಣು ಹಂಚುವ ಕೆಲಸ ಅವನದಾಗಿತ್ತಂತೆ. ಬಟ್ಟಲನ್ನು ಖಾಲಿ ವಾಪಸ್ ಕೊಡಬಾರದೆಂದು ಪ್ರತಿ ಮನೆಯವರೂ ಬೆಲ್ಲದ ಚೂರು ಹಾಕಿ ಕಳಿಸುವರು, ಮನೆ ಮುಟ್ಟುವುದರೊಳಗೆ ಇವನು ಬೆಲ್ಲವನ್ನೆಲ್ಲ ತಿಂದು ಮುಗಿಸುವನು.

"ಅಮ್ಮನ ಗಿಣ್ಣು ತಿಂದ್ರೆ ಗೊತ್ತಾಗುತ್ತೆ ನಿಮಗೆ," ಎಂದ ನಮಗೆ. "ಬೇರೆ ಎಲ್ಲೂ ಹಂಗಿರಲ್ಲ." ಪ್ರಾಜೆಕ್ಟ್ ಮ್ಯಾನೇಜರನ ಬಾಯಲ್ಲೂ ನೀರೂರಿತ್ತು. ಅಜ್ಜಿ ಹಸುವಿನ ಬಾಲದ ಬುಡ ನೋಡಿ, "ಇವತ್ತು ಗ್ಯಾರಂಟಿ," ಎಂದಳು. ಅಂದೂ ಆಗಲಿಲ್ಲ.

ಶುಕ್ರವಾರ ಯಾರೂ ಎಲ್ಲಿಗೂ ಹೋಗಲಿಲ್ಲ. ಕಾರಿಗೆ ಸಾಮಾನು ತುಂಬುತ್ತ, ಮಧ್ಯೆ ಮಧ್ಯೆ ಬೇಲಿಯ ಹತ್ತಿರ ಹೋಗಿ ಬರುತ್ತ ದಿನ ಕಳೆಯಿತು. ಅಜ್ಜಿ ಅಂದು ಏನೂ ಭವಿಷ್ಯ ಹೇಳಲಿಲ್ಲ, ಸೋತಿದ್ದಳು. ಏಳಕ್ಕೆ ದೀಪ ಹಚ್ಚಿ, ಹೊರಗೆ ಬಿಸಿಲಿರುವಾಗಲೇ ತಟ್ಟೆ ಹಾಕಿ, ಮೊದಲ ತುತ್ತು ಬಾಯಿಗಿಡುವಷ್ಟರಲ್ಲಿ ಮದಾಂ ಕಿಟಕಿ ಬಡಿದರು.

ಎಂಜಲು ಕೈಯಲ್ಲೇ ಓಡಿದೆವು. ಹಸು ಕೊಟ್ಟಿಗೆಯ ಹುಲ್ಲಿನ ಮೇಲೆ ಮಲಗಿ ನರಳುತ್ತಿತ್ತು. ಎರಡು ಪುಟ್ಟ ಗೊರಸು ಹೊರಗೆ ಕಾಣುತ್ತಿದ್ದವು. ಮದಾಂ ಅವಕ್ಕೆ ಹಗ್ಗ ಬಿಗಿದು ಒಂದು ತುದಿಯನ್ನು ಅಪ್ಪನಿಗೆ ಕೊಟ್ಟರು. ಅಪ್ಪ ನನ್ನ ಕಣ್ಣೆದುರಿನಲ್ಲಿ ಹಾಗೆ ಮೈ ಬಗ್ಗಿಸಿ ಕೆಲಸ ಮಾಡಿದ್ದು ಅದೇ ಮೊದಲು. ಅಜ್ಜಿ ಹಸುವಿನ ತಲೆಯ ಹತ್ತಿರ ಕೂತು, ಕೊಂಬಿನ ನಡುವೆ ತಿಕ್ಕುತ್ತ, "ಆಯ್ತು ಕಣೇ, ಆಯ್ತು, ಇನ್ನೊಂದ್ಚೂರು ತಡ್ಕೋ," ಎನ್ನುತ್ತಿದ್ದಳು. ಹಸುವಿಗೆ ಕನ್ನಡ ತಿಳಿಯದೆಂದು ಆಗ ಯಾರಿಗೂ ಅನ್ನಿಸಲಿಲ್ಲ. ಕರು ಜಾರಿ ಬಿತ್ತು. ಒದ್ದೆ, ಕೆಂಪು, ಕಣ್ಣು ಪಿಳಿಪಿಳಿ.

"ಹೆಣ್ಣಾ ಗಂಡಾ?" ಅಜ್ಜಿ ಕೇಳಿದ ಮೊದಲ ಮಾತು ಅದು. ಅಪ್ಪ ಬಗ್ಗಿ ನೋಡಿ ಹೆಣ್ಣು ಎಂದ. ಅಜ್ಜಿ ಅಲ್ಲೇ, ಎಲ್ಲರ ಮುಂದೆ, ಬಿಕ್ಕಿ ಬಿಕ್ಕಿ ಅತ್ತಳು.

ಮದಾಂ ಮಾತ್ರ ಇನ್ನೂ ಎದ್ದಿರಲಿಲ್ಲ. ಹಸುವಿನ ಹೊಟ್ಟೆ ಒತ್ತಿ ನೋಡಿದರು, ತೋಳು ತೂರಿಸಿದರು, ಏನೋ ಕೂಗಿದರು. ಇನ್ನೊಂದಿತ್ತು. ಅದು ಸಣ್ಣದು. ಹೊರಬಂದದ್ದು ಅಲುಗಾಡಲಿಲ್ಲ. ಮದಾಂ ಅದರ ಮೂಗಿನೊಳಗೆ ಹುಲ್ಲುಕಡ್ಡಿ ಆಡಿಸಿದರು, ಅಜ್ಜಿ ಸೆರಗು ಬಿಚ್ಚಿಕೊಂಡು ಅದರ ಎದೆಯನ್ನು ಉಜ್ಜಿದಳು. ಇಬ್ಬರೂ ತಮ್ಮ ತಮ್ಮ ಭಾಷೆಯಲ್ಲಿ ಅದನ್ನು ಬೈಯುತ್ತಿದ್ದರು. ಕೊನೆಗೆ ಅದು ಸೀನಿತು.

"ಗಾಟ್ ಟೂ ಲಾ! ಅಜ್ಜಿ, ಟೂ!" ಎಂದು ಆದಿ ಕುಣಿದ. "ಡಬಲ್ ಗಿಣ್ಣು!"

ಶನಿವಾರ ಬೆಳಗ್ಗೆ ಸಾಮಾನೆಲ್ಲ ಕಾರಿನಲ್ಲಿತ್ತು, ಕುಕ್ಕರ್ ಮತ್ತು ಬೆಲ್ಲದ ಡಬ್ಬಿ ಮಾತ್ರ ಒಲೆಯ ಪಕ್ಕದಲ್ಲಿದ್ದವು. ಮದಾಂ ಬಟ್ಟೆಯಲ್ಲಿ ಸುತ್ತಿದ ಗಾಜಿನ ಬಾಟ್ಲಿ ಹಿಡಿದು ಬಂದರು. ಅಜ್ಜಿ ಎರಡೂ ಕೈ ಚಾಚಿ ಅದನ್ನು ತೆಗೆದುಕೊಂಡು ಬೆಳಕಿಗೆ ಹಿಡಿದಳು. ಅರಿಸಿನ ಕದಡಿದಂತೆ ಹಳದಿಯಾಗಿ, ದಪ್ಪನಾಗಿತ್ತು. ಆದಿ ಚಮಚ ಹಿಡಿದು ನಿಂತಿದ್ದ.

"ಚಿಕ್ಕದು ಎದ್ದು ನಿಂತಿತಾ, ಕೇಳೋ," ಎಂದಳು ಅಪ್ಪನಿಗೆ.

ಅಪ್ಪ ಕೇಳಿದ. ಮದಾಂ ತಮ್ಮ ಹರುಕು ಇಂಗ್ಲಿಷಿನಲ್ಲಿ ಉದ್ದಕ್ಕೆ ಹೇಳಿದರು.

"ಮಿಕ್ಕಿದ್ದಂತೆ, ತಗೊಳ್ಳಿ ಅಂತಿದ್ದಾರೆ," ಎಂದ ಅಪ್ಪ.

"ಅಷ್ಟುದ್ದ ಮಾತಾಡಿದ್ಲು, ನೀನು ಇಷ್ಟೇ ಹೇಳ್ತೀಯಲ್ಲ. ಪೂರ್ತಿ ಹೇಳು."

ಅಪ್ಪ ಹಿಂದೆಮುಂದೆ ನೋಡಿ ಹೇಳಿದ. ಚಿಕ್ಕದು ಇನ್ನೂ ನಿಂತಿಲ್ಲ. ಸ್ವಲ್ಪ ಸ್ವಲ್ಪವಾಗಿ ಬಾಟ್ಲಿಯಲ್ಲೇ ಕುಡಿಸುತ್ತಿದ್ದಾರೆ. ಮಧ್ಯಾಹ್ನ ದನದ ಡಾಕ್ಟರ್ ಬರುತ್ತಾರೆ. ಆದರೆ ಇಷ್ಟು ಹಾಲಿನಿಂದ ವ್ಯತ್ಯಾಸವೇನೂ ಆಗದು, ವಾರವೆಲ್ಲ ಕಾದಿದ್ದೀರಿ ಎಂದು ಅವರೇ ಪ್ರೀತಿಯಿಂದ ತಂದಿದ್ದಾರೆ.

ಅಜ್ಜಿ ಬಾಟ್ಲಿಯನ್ನು ಮದಾಂ ಕೈಗೆ ವಾಪಸ್ ಇಟ್ಟಳು. "ಬೇಡಮ್ಮ. ಅದರ ಪಾಲಿದು."

"ಅಮ್ಮಾ, ಒಂದು ಬಾಟ್ಲಿ. ಏನೂ ಆಗಲ್ಲ ಅಂತ ಅವರೇ ಹೇಳ್ತಿದ್ದಾರೆ."

"ಏನಾದ್ರೂ ಆದ್ರೆ?"

"ವಾರ ಪೂರ್ತಿ ಇದಕ್ಕೇ ಅಲ್ವಾ ಕಾದಿದ್ದು! ನೀನು ಕೋಟೆ ಬಿಟ್ಟೆ, ಸಂತೆ ಬಿಟ್ಟೆ..."

"ಕಾದೆ. ಕಣ್ಣಾರೆ ನೋಡಿದೆ. ಸಾಕು ಕಣೋ."

ಮದಾಂ ಮತ್ತೊಮ್ಮೆ ಚಾಚಿದ ಬಾಟ್ಲಿಯನ್ನು ಅಜ್ಜಿ ಮತ್ತೊಮ್ಮೆ ಹಿಂದಕ್ಕೆ ತಳ್ಳಿ, ಡಬ್ಬಿಯಿಂದ ಬೆಲ್ಲದ ದೊಡ್ಡ ಅಚ್ಚೊಂದನ್ನು ತೆಗೆದು ಅದರ ಜೊತೆಗೆ ಇಟ್ಟಳು. ಇಬ್ಬರೂ ತಬ್ಬಿಕೊಂಡರು. ಸಾಕು ಎಂದು ಬಾಯಲ್ಲಿ ಅಂದಳಷ್ಟೇ, ಅವಳಿಗೆ ಸಾಕಾಗಿರಲಿಲ್ಲ. ಕಾರು ಹಳ್ಳಿಯ ತಿರುವು ದಾಟಿದ ಮೇಲೆ ಸೆರಗು ಮುಖಕ್ಕೆ ಹಿಡಿದಳು. ಆದಿ ಜೋರಾಗಿಯೇ ಅಳುತ್ತಿದ್ದ. ಅವನ ತಲೆ ಸವರುತ್ತ, "ಮೈಸೂರಿಗೆ ಹೋದಾಗ ಮಾಡಿಕೊಡ್ತೀನಿ, ಸುಮ್ನಿರು ಮರಿ," ಎಂದಳು.

ಸ್ವಲ್ಪ ದಿನಗಳ ಮೇಲೆ ಮದಾಂ ಅಪ್ಪನಿಗೆ ಒಂದು ಫೋಟೊ ಕಳಿಸಿದರು. ಬೇಲಿಯ ಹಿಂದೆ ಎರಡು ಕೆಂಪು ಕರುಗಳು, ನಾಲ್ಕು ಕಾಲಿನ ಮೇಲೆ ಗಟ್ಟಿಯಾಗಿ ನಿಂತಿದ್ದವು. ಅಜ್ಜಿ ಅದನ್ನು ಪ್ರಿಂಟ್ ಹಾಕಿಸಿಕೊಂಡು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು. ವಾಯ್ಡ್ ಡೆಕ್‌ನಲ್ಲಿ ಸುಮಾ ಆಂಟಿ ಫ್ರಾನ್ಸಿನಲ್ಲಿ ಏನು ನೋಡಿದಿರಿ ಎಂದು ಕೇಳಿದಾಗ ಅಜ್ಜಿ ಅವರನ್ನು ಮೇಲೆ ಕರೆತಂದು ತೋರಿಸಿದ್ದು ಇದನ್ನೇ.

ಮೈಸೂರಿಗೆ ಡಿಸೆಂಬರಿನಲ್ಲಿ ಹೋಗುತ್ತಿದ್ದೆವು. ಮದುವೆ, ಮುಂಜಿ, ಬ್ಯಾಂಕಿನ ಕೆಲಸ. ನಮ್ಮ ಬೀದಿಯಲ್ಲಿ ಹಸು ಸಾಕುವವರು ಯಾರೂ ಉಳಿದಿರಲಿಲ್ಲ. ಅಜ್ಜಿ ಅವರಿವರನ್ನು ವಿಚಾರಿಸುವಳು, ಯಾರ ಮನೆಯಲ್ಲಾದರೂ ಹಸು ಕರು ಹಾಕಿದೆಯೇ ಎಂದು. ಒಮ್ಮೆ ಹಾಕಿ ತಿಂಗಳಾಗಿತ್ತು. ಇನ್ನೊಮ್ಮೆ ನಾವು ಹೊರಟ ವಾರದ ಮೇಲೆ ಹಾಕಿತಂತೆ. ಮುಂದಿನ ಸಲ ಎನ್ನುತ್ತ ಎನ್ನುತ್ತ, ನಾನು ಕಾಲೇಜು ಮೆಟ್ಟಿಲು ಹತ್ತುವ ಹೊತ್ತಿಗೆ ಅಜ್ಜಿ ಯಿಶುನ್‌ನ ಅದೇ ಮನೆಯಲ್ಲಿ ತೀರಿಕೊಂಡಳು. ಆಮೇಲೆ ನಾನು ಕೆಲಸದ ಮೇಲೆ ಪ್ಯಾರಿಸ್ಸಿಗೆ ಎರಡು ಸಲ ಹೋಗಿ ಬಂದೆ. ಐಫೆಲ್ ಟವರ್ ಚೆನ್ನಾಗಿದೆ. ಕೀಚೈನ್ ತರಲು ಮರೆತೆ.

ಈಗ ನಾನಿರುವುದು ಸಿಂಗಪುರದಲ್ಲೇ, ಪುಂಗೋಲ್‌ನಲ್ಲಿ. ಕಳೆದ ತಿಂಗಳು ಕನ್ನಡದವರ ವಾಟ್ಸಾಪ್ ಗ್ರೂಪಿನಲ್ಲಿ ಬಿಶಾನ್‌ನ ಒಬ್ಬ ಆಂಟಿ ವಾರಾಂತ್ಯಕ್ಕೆ ಗಿಣ್ಣು ಮಾಡಿಕೊಡುತ್ತಾರೆಂದು ನೋಡಿದೆ. ಊರಿನಿಂದ ತರಿಸಿದ ಗಿಣ್ಣಿನ ಪುಡಿಯಿಂದ ಮಾಡುತ್ತಾರಂತೆ. ಆರ್ಡರ್ ಹಾಕಿ ಅಪ್ಪ ಅಮ್ಮನನ್ನೂ ಆದಿಯನ್ನೂ ಮನೆಗೆ ಕರೆದೆ. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಡಬ್ಬಿ ತೆರೆದು, ಚೌಕವಾಗಿ ಕೊಯ್ದು, ನಾಲ್ಕು ಬಟ್ಟಲಿಗೆ ಹಾಕಿದೆ. ತಣ್ಣಗೆ, ನುಣ್ಣಗೆ, ಅಂಚಿನಲ್ಲಿ ಬೆಲ್ಲದ ನೀರು ಬಿಟ್ಟುಕೊಂಡಿತ್ತು.

ಅಪ್ಪ ಒಂದು ಚಮಚ ಬಾಯಿಗಿಟ್ಟ. "ಚೆನ್ನಾಗಿದೆ," ಎಂದ. ಆಮೇಲೆ ಬಟ್ಟಲನ್ನು ಮೇಜಿನ ಮೇಲಿಟ್ಟ. "ಅಮ್ಮ ಮಾಡಿದ ಹಾಗಿಲ್ಲ."

ಅಮ್ಮನೂ ಹೌದೆಂದು ತಲೆಯಾಡಿಸಿದಳು. ಅವಳೂ ಮದುವೆಯಾದ ಹೊಸದರಲ್ಲಿ ಗೌರಿಯ ಗಿಣ್ಣು ತಿಂದಿದ್ದಳು.

ಆದಿ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಹಾಗಿದೆ ಎನ್ನಲು, ಹಾಗಿಲ್ಲ ಎನ್ನಲು ನಮ್ಮಿಬ್ಬರ ನಾಲಿಗೆಯಲ್ಲಿ ಏನೂ ಇರಲಿಲ್ಲ. ನಮಗೆ ಅದು ರುಚಿಯಾಗಿಯೇ ಇತ್ತು. ಇಬ್ಬರೂ ಬಟ್ಟಲು ಖಾಲಿ ಮಾಡಿದೆವು.